ಕುಳಿತ ಕಾಲಿನ ಅಳತೆ

ಅಪ್ಪ ನಮ್ಮಿಬ್ಬರಿಗೆ ಆಸ್ತಿ ಹಂಚುವಾಗ ನೆಟ್ಟನೆ ಮೂಗು, ದಟ್ಟ ಕೂದಲು, ಬಳುಕುವ ಮೈಕಟ್ಟು ಎಲ್ಲವನ್ನೂ ಅಕ್ಕನಿಗೆ ಕೊಟ್ಟು, ತನ್ನ ಎರಡು ಕಾಲುಗಳನ್ನು ಮಾತ್ರ ನನ್ನ ಹೆಸರಿಗೆ ಬರೆದುಬಿಟ್ಟ. ಗೋದಾಮಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನ ಕಾಲುಗಳು ಅವು. ಅದರ ಮೇಲೆ ನಾನು ಇಪ್ಪತ್ತೆರಡು ವರ್ಷ ಸೈಕಲ್ ತುಳಿದು ನನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದ್ದೇನೆ. ಸೊಂಟಕ್ಕೆ ಸರಿಯಾದ ಪ್ಯಾಂಟು ನನ್ನ ತೊಡೆಯ ಹತ್ತಿರ ಬಂದು ಮುಷ್ಕರ ಹೂಡುತ್ತದೆ. ತೊಡೆಗೆ ಸರಿಯಾದದ್ದು ಸೊಂಟದಿಂದ ಜಾರಿ ಬೀದಿಯಲ್ಲಿ ಮಾನ ಕಳೆಯುತ್ತದೆ.

ನಾನು ಮನೆಮನೆಗೆ ಹೋಗಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ನರ್ಸು. ದೊಡ್ಡ ರಸ್ತೆಗಳಿಗೆ ಆಸ್ಪತ್ರೆಯ ವ್ಯಾನು ಹೋಗುತ್ತದೆ. ವ್ಯಾನು ನುಗ್ಗಲಾರದ ಗುಡ್ಡದ ಓಣಿಗಳು ನನ್ನವು. ದಿನಕ್ಕೆ ಹನ್ನೊಂದು ಮನೆ. ಕಟ್ಟಕಡೆಯದು, ಗುಡ್ಡದ ನೆತ್ತಿಯ ಮೇಲಿನದು, ಬೀಗದಣ್ಣನದು. ಬೀಗ ರಿಪೇರಿ ಅವನ ಕಸುಬು. ಇರುವುದೊಂದೇ ಕೋಣೆ, ಮುಂದೆ ಕೆಲಸದ ಮೇಜು, ಹಿಂದೆ ಮಂಚ. ಎಡಗಾಲಿನ ಹುಣ್ಣು ಎರಡು ವರ್ಷದಿಂದ ಪೂರ್ತಿ ಮಾಯ್ದೂ ಇಲ್ಲ, ಕೆಟ್ಟೂ ಇಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆದರೆ ಮನುಷ್ಯ ಮೇಜಿನ ಮುಂದೆ ಕೂತು ಅರ ತಿಕ್ಕುತ್ತಾ, ಗೊಣಗುತ್ತಾ, ಸುಖವಾಗಿರುತ್ತಾನೆ. ಎರಡು ಸಲ ತಪ್ಪಿದರೆ ಕಾಲು ಊದಿಕೊಂಡು ಜ್ವರ ಬರುತ್ತದೆ.

ಹೋದ ಚಳಿಗಾಲದಲ್ಲಿ ತಪ್ಪಿತು. ತಪ್ಪಿಸಿದವಳು ನಾನೇ.

ಅಲ್ಲಿಯವರೆಗೆ ಅಪ್ಪನ ಹಳೇ ಉಣ್ಣೆಯ ಪ್ಯಾಂಟುಗಳು ನನ್ನನ್ನು ಕಾಪಾಡಿದ್ದವು. ಕಾಲು ಅವನದೇ ಆದಮೇಲೆ ಪ್ಯಾಂಟೂ ಅವನದೇ ಸರಿಹೋಗುತ್ತಿತ್ತು. ಕೊನೆಯದೂ ಹರಿದು ಚಿಂದಿಯಾದ ಮೇಲೆ ಅಂಗಡಿಯಿಂದ ತಂದ ಟೈಟ್ಸ್ ಹಾಕಿಕೊಂಡು ಹೊರಟೆ. ಎರಡೇ ವಾರ. ತೊಡೆಯ ಒಳಗೆ ಹೊಲಿಗೆ ತಿಕ್ಕಿ ತಿಕ್ಕಿ ಚರ್ಮ ಸುಲಿದು ರಕ್ತ ಬಂತು. ಚಳಿಗೆ ಮಂಡಿ ಹಿಡಿದುಕೊಂಡು, ಏರಿನ ಮಧ್ಯದಲ್ಲಿ ಸೈಕಲ್ ಸಮೇತ ಬಿದ್ದೆ. ಒಂದೂವರೆ ತಿಂಗಳು ರಜೆ. ಬೀಗದಣ್ಣನನ್ನು ಸ್ಟ್ರೆಚರಿನಲ್ಲಿ ಇಳಿಸಿ ವಾರ್ಡಿಗೆ ಹಾಕಿದರು. ಮೂರು ತಿಂಗಳಾದ ಮೇಲೆ ವಾಪಸ್ ಬಂದಾಗ ಅವನು ಅರ್ಧ ಆಳಾಗಿದ್ದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ವರ್ಷ ಎಲೆ ಉದುರುವ ಹೊತ್ತಿಗೇ ನಮ್ಮ ಹೆಡ್ ಸಿಸ್ಟರ್ ಒಂದು ಕಾಗದ ಕೈಗೆ ಕೊಟ್ಟರು.

“ಚಳಿಗಾಲ ಪೂರ್ತಿ ಸೈಕಲ್‌ನಲ್ಲಿ ಹೋಗ್ತೀಯೋ ಇಲ್ವೋ, ಬರೆದು ಸಹಿ ಹಾಕು. ಬರುವ ತಿಂಗಳ ಮೊದಲ ಸೋಮವಾರ ಮಧ್ಯಾಹ್ನದೊಳಗೆ ಬೇಕು. ಆಗಲ್ಲ ಅಂದ್ರೆ ಆ ಬೀಗದವರನ್ನ ಅವತ್ತೇ ವಾರ್ಡಿಗೆ ಕರ್ಕೊಂಡು ಬರ್ತೀವಿ. ಕಾಲು ಕೆಟ್ಟ ಮೇಲೆ ತರೋದಕ್ಕಿಂತ ಮುಂಚೆ ತರೋದೇ ಒಳ್ಳೇದು. ಅವರಿಗೂ ಹೇಳಿದ್ದೀನಿ.”

“ಹೋಗ್ತೀನಿ ಸಿಸ್ಟರ್. ಈಗಲೇ ಸಹಿ ಹಾಕ್ತೀನಿ, ಕೊಡಿ ಪೆನ್ನು.”

“ಹೋದ ವರ್ಷನೂ ಹೀಗೇ ಅಂದಿದ್ದೆ,” ಅಂದರು. ಹೌದು, ಅಂದಿದ್ದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ಶುರುವಾಯಿತು ನೋಡಿ ನನ್ನ ಪ್ಯಾಂಟಿನ ಬೇಟೆ. ಸೈಕಲ್ ಬಟ್ಟೆ ಮಾರುವ ಅಂಗಡಿಯವನು ನನ್ನ ಸೊಂಟ ನೋಡಿ ಒಂದು ಟೈಟ್ಸ್ ತೆಗೆದ, ಕಾಲು ನೋಡಿ ತಲೆ ಕೆರೆದುಕೊಂಡ. “ಎಳೆದ್ರೆ ಹಿಗ್ಗುತ್ತೆ ಮೇಡಂ,” ಅಂದ. ಹಿಗ್ಗಿತು, ಇಲ್ಲ ಅನ್ನುವುದಿಲ್ಲ. ಒಳಗೆ ಬೆಚ್ಚಗಿರಲಿ ಎಂದು ಕೊಟ್ಟಿದ್ದ ಉಣ್ಣೆಯಂಥ ಜುಂಗೆಲ್ಲ ಎಳೆದ ರಭಸಕ್ಕೆ ಬಿಟ್ಟುಕೊಂಡು, ತೊಡೆಯ ಮೇಲೆ ಬಟ್ಟೆ ಜರಡಿಯ ಹಾಗಾಯಿತು. ಇಳಿಜಾರಿನಲ್ಲಿ ಗಾಳಿ ಸೀದಾ ಎಲುಬಿಗೆ ಹೋಗಿ ಕೂತಿತು. ಇನ್ನೊಂದು ಅಂಗಡಿಯಲ್ಲಿ ಗಂಡಸರ ಪ್ಯಾಂಟುಗಳಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ತಂದೆ. ಅದರ ಸೊಂಟದಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಇಳಿಯುವಾಗ ಅದು ಸೀಟಿನ ಮೂತಿಗೆ ಸಿಕ್ಕಿಕೊಂಡು, ನಾನು ಅರ್ಧ ಇಳಿದು ಅರ್ಧ ನೇತಾಡಿದೆ. ಮೂರನೆಯದು ದರ್ಜಿಯ ಹತ್ತಿರ ಹೊಲಿಸಿದ್ದು. ಕನ್ನಡಿಯ ಮುಂದೆ ರಾಣಿಯ ಹಾಗಿದ್ದೆ. ಸೈಕಲ್ ಹತ್ತಿದ ತಕ್ಷಣ ಮಂಡಿಯ ಹಿಂದೆ ಮುದ್ದೆಯಾಗಿ ಕಚ್ಚಿತು, ಬೆನ್ನ ಕೆಳಗೆ ಸರಿದು ಗಾಳಿಗೆ ಬಾಗಿಲು ತೆರೆಯಿತು. ಮೂರನ್ನೂ ಬಟ್ಟೆ ಬುಟ್ಟಿಗೆ ಎಸೆದು, ಅಡುಗೆಮನೆಯಲ್ಲಿ ಕೂತು ಅತ್ತೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ನನ್ನ ತೊಡೆಯ ದೆಸೆಯಿಂದ ಒಬ್ಬ ಮನುಷ್ಯ ಮೂರು ತಿಂಗಳು ಮಂಚ ಹಿಡಿಯಬೇಕಾ ಎಂದು ಹೊಟ್ಟೆ ಉರಿಯಿತು.

ಅಕ್ಕ ಬಂದಿದ್ದಳು. ಅಳುವುದನ್ನು ನೋಡಿದಳು, ಒಂದು ಲೋಟ ನೀರು ಕೊಟ್ಟಳು, ಹೋದಳು. ಹೋಗುವಾಗ ಬುಟ್ಟಿಯಲ್ಲಿದ್ದ ಮೂರನ್ನೂ ಚೀಲಕ್ಕೆ ತುರುಕಿಕೊಂಡು ಹೋಗಿದ್ದಾಳೆಂದು ನನಗೆ ಗೊತ್ತಾದದ್ದು ಶನಿವಾರ, ಅವಳ ಫೋನು ಬಂದಾಗ.

“ಸೈಕಲ್ ತಗೊಂಡು ಅಂಗಡಿಗೆ ಬಾ. ನಿಮ್ಮ ಭಾವ ಕರೀತಿದ್ದಾರೆ. ನಿನ್ನ ಪ್ಯಾಂಟು ನೋಡಿದ್ರು.”

ಮೈಯೆಲ್ಲ ಉರಿದುಹೋಯಿತು. ಭಾವ ಅಂದರೆ ಸೋಫಾಗಳಿಗೆ, ಕಾರಿನ ಸೀಟುಗಳಿಗೆ ಕವರ್ ಹೊಲಿಯುವವರು. ಅವರ ಕೈಗೆ ನಾನು ಹಾಕಿ ಬಿಸಾಕಿದ ಪ್ಯಾಂಟುಗಳು! ಅಕ್ಕನಿಗೆ ಬಾಯಿಗೆ ಬಂದದ್ದೆಲ್ಲ ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ.

ಭಾವನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಪ್ಪೆ ಸುಲಿದ ಸೋಫಾಗಳು, ಸ್ಪಂಜಿನ ಹಲಗೆಗಳು, ಗೋಡೆಯ ತುಂಬಾ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು. ಕತ್ತರಿಸುವ ಮೇಜಿನ ಮೇಲೆ ನನ್ನ ಮೂರೂ ಪ್ಯಾಂಟುಗಳನ್ನು ಒಳಹೊರಗು ಮಾಡಿ ಹರಡಿದ್ದರು.

“ಭಾವ, ನೀವು ಇದನ್ನೆಲ್ಲ...”

“ಸುಮ್ನಿರಮ್ಮ ಸ್ವಲ್ಪ,” ಅಂದರು ಅವರು, ಕನ್ನಡಕದ ಮೇಲಿಂದ ನೋಡಿ. “ಸವೆದ ಕವರ್ ನೋಡಿದ್ರೆ ಕೂತೋರು ಹೇಗೆ ಕೂತಿದ್ರು ಅಂತ ನಂಗೆ ಗೊತ್ತಾಗುತ್ತೆ. ಇಲ್ಲಿ ನೋಡು, ತೊಡೆ ಕೂಡೋ ಕಡೆ ನಾಲ್ಕು ಹೊಲಿಗೆ ಒಂದೇ ಜಾಗದಲ್ಲಿ ಸೇರಿಸಿದ್ದಾರೆ. ಭಾರ ಬೀಳೋ ಜಾಗದಲ್ಲಿ ಯಾರಾದ್ರೂ ಗಂಟು ಇಡ್ತಾರಾ? ಸೋಫಾಗೆ ಹೀಗೆ ಹೊಲಿದ್ರೆ ಗಿರಾಕಿ ನನ್ನನ್ನ ಅಟ್ಟಿಸ್ಕೊಂಡು ಬರ್ತಾನೆ.”

“ದರ್ಜಿ ಅಳತೆ ತಗೊಂಡೇ ಹೊಲಿದಿದ್ದು ಭಾವ.”

“ಹೇಗೆ ತಗೊಂಡ? ನಿಲ್ಲಿಸಿ ತಾನೆ? ನಿಂತ ಮನುಷ್ಯರಿಗೆ ಹೊಲಿಯೋದು ಅವನ ಕೆಲಸ. ನೀನೇನು ಸೈಕಲ್ ಮೇಲೆ ನಿಂತ್ಕೊಂಡು ಹೋಗ್ತೀಯಾ?”

ನಾನು ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಮರೆತೇಹೋಯಿತು. ಇಪ್ಪತ್ತೆರಡು ವರ್ಷ! ಪ್ರತಿ ಸಲವೂ ಕನ್ನಡಿಯ ಮುಂದೆ ನಿಂತು, ನೆಟ್ಟಗೆ ನಿಂತು, ಹೊಟ್ಟೆಯನ್ನೂ ಸ್ವಲ್ಪ ಒಳಗೆಳೆದುಕೊಂಡು ಆರಿಸಿದ್ದೆ. ಆಮೇಲೆ ದಿನವಿಡೀ ಬಗ್ಗಿ ಕೂತು ತುಳಿಯುತ್ತಿದ್ದೆ. ಅಯ್ಯೋ ನನ್ನ ಬುದ್ಧಿಯೇ!

ಮುಂಬಾಗಿಲು ಎಳೆದುಕೊಂಡು, ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನನ್ನನ್ನು ತೆಳ್ಳನೆ ಪೈಜಾಮದಲ್ಲಿ ಹತ್ತಿಸಿದರು. ಟೇಪು ಹಿಡಿದವಳು ಅಕ್ಕ. ಭಾವ ಮರ್ಯಾದೆಗೆ ನಮಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಸೀಮೆಸುಣ್ಣ ಹಿಡಿದು ನಿಂತರು.

“ಪೆಡಲ್ ಮೇಲಕ್ಕೆ ಬರಲಿ. ಈಗ ಮಂಡಿ ಮೇಲಿಂದ ಸೊಂಟದವರೆಗೆ ಹೇಳು. ಹಾಂ. ಈಗ ಪೆಡಲ್ ಕೆಳಗೆ. ಬೆನ್ನು ಬಗ್ಗಿಸಮ್ಮ, ಗಾಳಿಗೆ ಎದುರು ಹೋಗೋವಾಗ ಹೇಗೆ ಬಗ್ಗುತ್ತೀಯೋ ಹಾಗೆ. ಹಿಂದುಗಡೆ ಎಷ್ಟು ಇಣುಕುತ್ತೆ?”

“ಒಂದು ಗೇಣು ಇಣುಕುತ್ತೆ ರೀ,” ಅಂದಳು ಅಕ್ಕ, ಊರಿಗೆಲ್ಲ ಕೇಳುವ ಹಾಗೆ.

“ಮೈಕ್ ತರಿಸ್ಲೇನೇ ನಿಂಗೆ?” ಅಂದೆ ನಾನು.

“ತೊಡೆ ಅಳತೆ ಹೇಳು. ನಿಂತಾಗಿಂದು, ಕೂತಾಗಿಂದು, ಎರಡೂ.”

ಕೆಳಗಿಳಿಸಿ ಒಮ್ಮೆ, ಮತ್ತೆ ಹತ್ತಿಸಿ ಒಮ್ಮೆ ಅಕ್ಕ ಟೇಪು ಸುತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ. ಈ ಅಂಕಿಯನ್ನು ನಾನು ಯಾರಿಗೂ, ನನ್ನ ಗಂಡನಿಗೂ, ಹೇಳಿದವಳಲ್ಲ. ಅಂಗಡಿಯಲ್ಲಿ ಕೇಳಿದರೆ ಮೂರಿಂಚು ಕಡಿಮೆ ಮಾಡಿ ಹೇಳುವುದು ನನ್ನ ಅಭ್ಯಾಸ.

“ನಿಂತಾಗ ಇಪ್ಪತ್ತೇಳೂವರೆ. ಕೂತಾಗ... ಇಪ್ಪತ್ತೊಂಬತ್ತೂವರೆ.”

ಗೋಡೆಯ ಮೇಲೆ ಸೀಮೆಸುಣ್ಣ ಕಿರ್ ಎಂದಿತು. ಭಾವ ನಗಲಿಲ್ಲ, ಅಬ್ಬಾ ಅನ್ನಲಿಲ್ಲ. “ಎರಡಿಂಚು ಜಾಸ್ತಿ,” ಅಂದರು. “ಅದೇ ನೋಡು. ಹೋದ ವರ್ಷ ನಿನ್ನ ಚರ್ಮ ಸುಲಿದಿದ್ದು ಆ ಎರಡಿಂಚೇ.” ಆಮೇಲೆ ಮುಂದಿನ ಅಳತೆ ಕೇಳಿದರು. ಅವರಿಗೆ ಅದು ಬಟ್ಟೆ ಎಷ್ಟು ಬೇಕೆನ್ನುವ ಪ್ರಶ್ನೆ, ಅಷ್ಟೇ. ಗೋಡೆಯ ಮೇಲೆ ಯಾರದೋ ಮೂರು ಸೀಟಿನ ಸೋಫಾದ ಪಕ್ಕದಲ್ಲಿ ನನ್ನ ತೊಡೆಯೂ ಒಂದು ಅಂಕಿಯಾಗಿ ಕೂತಿತು. ನನ್ನ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು, ನಿಜ ಹೇಳುತ್ತೇನೆ.

ಭಾನುವಾರ ಸಂಜೆಗೆ ಪ್ಯಾಂಟು ತಯಾರಾಯಿತು. ತೊಡೆಗಳು ಕೂಡುವ ಕಡೆ ಹೊಲಿಗೆಯೇ ಇಲ್ಲ. ಎಲೆಯ ಆಕಾರದ ಒಂದೇ ಅಗಲ ತುಂಡು ಸೇರಿಸಿ, ಹೊಲಿಗೆಯನ್ನೆಲ್ಲ ಹೊರಮಗ್ಗುಲಿಗೆ ತಳ್ಳಿದ್ದರು. ಮುಂದೆ ಗಾಳಿ ನುಗ್ಗದ ಬಟ್ಟೆ, ಒಳಗೆ ಮೆತ್ತನೆ ಜುಂಗು, ಎಲ್ಲೂ ಎಳೆದು ಬಿಗಿಯದಷ್ಟು ಸಡಿಲ. ಬೆನ್ನ ಕಡೆ ಸೊಂಟ ಒಂದು ಗೇಣು ಎತ್ತರ. ಮೀನಖಂಡದ ಹೊರಗೆ ಕಾರಿನ ಸೀಟಿನ ಕವರಿಗೆ ಹಾಕುವಂಥ ಉದ್ದನೆ ಜಿಪ್ಪು. ನಿಂತರೆ ಮಂಡಿಯ ಹತ್ತಿರ ಉಬ್ಬಿಕೊಂಡು ವಿಕಾರವಾಗಿ ಕಾಣುತ್ತಿತ್ತು.

“ನಿಂತಾಗ ನೋಡ್ಕೋಬೇಡ,” ಅಂದರು ಭಾವ. “ಅದು ನಿಲ್ಲೋದಕ್ಕಲ್ಲ.”

ಮಾರನೆಯ ದಿನವೇ ಸಿಸ್ಟರ್ ಹೇಳಿದ್ದ ಸೋಮವಾರ. ಬೆಳಗ್ಗೆ ಕಿಟಕಿಯ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಆ ವರ್ಷದ ಮೊದಲ ನಿಜವಾದ ಚಳಿ. ಸಹಿ ಮಾಡದ ಕಾಗದ ಜೇಬಿನಲ್ಲಿ, ಡ್ರೆಸ್ಸಿಂಗ್ ಪೆಟ್ಟಿಗೆ ಕ್ಯಾರಿಯರಿನಲ್ಲಿ. ಹನ್ನೊಂದೂ ಮನೆ ಮುಗಿಸದೆ ಸಹಿ ಹಾಕುವುದಿಲ್ಲವೆಂದು ನನಗೆ ನಾನೇ ಆಣೆ ಇಟ್ಟುಕೊಂಡಿದ್ದೆ. ಇನ್ನೊಮ್ಮೆ ಮಾತು ಕೊಟ್ಟು ಕೈಕೊಡುವ ಮುಖ ನನಗಿರಲಿಲ್ಲ.

ಹೋದ ವರ್ಷ ಉರಿ ಶುರುವಾಗುತ್ತಿದ್ದದ್ದು ಮೂರನೆಯ ಮನೆಯ ಹತ್ತಿರ. ಮೂರನೆಯ ಮನೆ ಬಂತು. ಉರಿಯಿಲ್ಲ. ಇನ್ನೇನು ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಐದಾಯಿತು, ಆರಾಯಿತು. ಎಂಟನೆಯ ಮನೆಯ ಮುಂದಿನ ಏರು ಬಂತು, ಹೋದ ವರ್ಷ ಬಿದ್ದಿದ್ದ ಜಾಗ. ಹಲ್ಲು ಕಚ್ಚಿ ತುಳಿದೆ. ಮಂಡಿ ಬೆಚ್ಚಗೆ, ಏನೂ ಆಗಿಲ್ಲವೆನ್ನುವ ಹಾಗೆ ಮಡಚಿತು, ಬಿಚ್ಚಿತು. ಏರು ಮುಗಿದ ಮೇಲೆ ಉಸ್ಸಪ್ಪಾ ಎಂದು ಸೈಕಲ್ ನಿಲ್ಲಿಸಿ, ಯಾರೂ ಇಲ್ಲವೆಂದು ನೋಡಿಕೊಂಡು, ಎರಡೂ ತೊಡೆಗಳ ಮೇಲೆ ಒಂದೊಂದು ಏಟು ಹಾಕಿದೆ. ಸಂತೋಷಕ್ಕೆ.

ಹನ್ನೊಂದನೆಯ ಮನೆಯ ಬಾಗಿಲಿಗೆ ರಟ್ಟಿನ ಹಲಗೆ ನೇತುಹಾಕಿತ್ತು: “ಚಳಿಗಾಲ ಮುಗಿಯುವವರೆಗೆ ಅಂಗಡಿ ಇಲ್ಲ.” ಒಳಗೆ ಬೀಗದಣ್ಣ ಕೋಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದ. ಕಾಲ ಬಳಿ ಚೀಲ. ಮೇಜು ಖಾಲಿ, ಒರೆಸಿ ಇಟ್ಟಿದ್ದ.

“ಬಂದ್ಯಾ,” ಅಂದ, ನನ್ನ ಮುಖ ನೋಡದೆ. “ಸ್ಟ್ರೆಚರ್‌ನೋರು ಎಷ್ಟು ಹೊತ್ತಿಗೆ ಬರ್ತಾರೆ?”

“ಬರಲ್ಲ.”

“ಮಧ್ಯಾಹ್ನ ಅಂದಿದ್ರಲ್ಲ ನಿಮ್ಮ ಸಿಸ್ಟರ್.”

ನಾನು ಕಾಗದ ತೆಗೆದು, ಅವನ ಮೇಜಿನ ಮೇಲೆಯೇ ಇಟ್ಟು, “ಹೋಗುತ್ತೇನೆ” ಎಂದು ಬರೆದು ಸಹಿ ಹಾಕಿದೆ. ಹೆಡ್ ಸಿಸ್ಟರಿಗೆ ಫೋನು ಮಾಡಿ, “ಹನ್ನೊಂದನೇ ಮನೇಲಿದ್ದೀನಿ ಸಿಸ್ಟರ್, ಸಹಿ ಹಾಕಿದ್ದೀನಿ, ಕಾಲು ನೆಟ್ಟಗಿದೆ,” ಅಂದೆ. ಅವರು “ಸರಿ, ಸ್ಟ್ರೆಚರ್ ಬೇಡ ಅಂತ ಹೇಳ್ತೀನಿ,” ಅಂದರು.

ಬೀಗದಣ್ಣ ಆಗ ತಲೆಯೆತ್ತಿದ. ನನ್ನ ಕಾಲುಗಳನ್ನು ಮೇಲಿಂದ ಕೆಳಗಿನವರೆಗೆ, ಬೀಗವನ್ನು ನೋಡುವ ಹಾಗೆ ನೋಡಿದ. ಮಂಡಿಯ ಉಬ್ಬು, ಕಾರಿನ ಸೀಟಿನ ಜಿಪ್ಪು.

“ಯಾರಮ್ಮ ಹೊಲಿದಿದ್ದು ಇದನ್ನ?”

“ನಮ್ಮ ಭಾವ. ಸೋಫಾ ಹೊಲೀತಾರೆ.”

ಬೀಗದಣ್ಣ ಗಹಗಹಿಸಿ ನಕ್ಕ. ನಗು ನಿಲ್ಲಲೇ ಇಲ್ಲ. ಕೊನೆಗೆ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ನನಗೂ ಕಣ್ಣು ತುಂಬಿಬಂದದ್ದಕ್ಕೆ ನಗುವೇ ಕಾರಣವೆಂದು ಇಬ್ಬರೂ ಒಪ್ಪಿಕೊಂಡವರ ಹಾಗೆ ಅವನು ಕಾಲು ಚಾಚಿದ, ನಾನು ಪೆಟ್ಟಿಗೆ ಬಿಚ್ಚಿದೆ.

ಡ್ರೆಸ್ಸಿಂಗ್ ಮುಗಿಸಿ, ಚೀಲ ಎತ್ತಿ ಅವನ ಪಕ್ಕದಲ್ಲಿಟ್ಟೆ. ಭಾರವಾಗಿತ್ತು, ಬಿಚ್ಚಿ ನೋಡಿದೆ. ಮೇಲೆ ಎರಡು ಟವೆಲ್ಲು, ಒಂದು ಅಂಗಿ. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಅರಗಳು, ಚಿಮಟ, ಒಂದು ಹಳೇ ಬೀಗ.

“ವಾರ್ಡಲ್ಲಿ ಇದಕ್ಕೆಲ್ಲ ಬಿಡಲ್ಲ ಅಣ್ಣ.”

“ಗೊತ್ತು,” ಅಂದ. “ಹೋದ ಸಲ ಮೂರು ತಿಂಗಳು ಕೈ ಸುಮ್ಮನೆ ಬಿದ್ದಿತ್ತು. ಈ ಸಲ ಕದ್ದು ತಗೊಂಡು ಹೋಗೋಣ ಅಂತಿದ್ದೆ.”

ನಾನು ಅರಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಅವನು ಹೇಳಿದ ಕಡೆ ಇಟ್ಟೆ. ಹೊರಗೆ ಬಂದು ರಟ್ಟಿನ ಹಲಗೆ ಬಿಚ್ಚಿ, ಸೈಕಲ್ ಹತ್ತಿದೆ. ಓಣಿಯ ತಿರುವು ದಾಟುವ ಮೊದಲೇ ಹಿಂದಿನಿಂದ ಅರ ತಿಕ್ಕುವ ಸದ್ದು ಶುರುವಾಗಿತ್ತು.