ಇಂದುಬಾಯಿಯ ಹೊಟ್ಟೆ, ಶ್ರೀಶೈಲಪ್ಪನ ತೊಗರಿ

ಹೂವಿನ ಹಿಪ್ಪರಗಿಯ ಶ್ರೀಶೈಲಪ್ಪನ ಹೊಲದಲ್ಲಿ ತೊಗರಿ ಅಲ್ಲಲ್ಲಿ ಬಾಡತೊಡಗಿತ್ತು. ಅವನು ಒಂದು ಗಿಡ ಕಿತ್ತು, ಬದುವಿನ ಮೇಲೆ ಕುಳಿತು, ಕುಡಗೋಲಿನಿಂದ ಅದರ ಕಾಂಡ ಸೀಳುತ್ತಿದ್ದ. ಮನಸ್ಸು ಮಾತ್ರ ಹೆಂಡತಿಯ ಮೇಲಿತ್ತು. ಇಂದುಬಾಯಿಗೆ ನಾಲ್ಕು ತಿಂಗಳಿಂದ ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತಿತ್ತು. ಎದೆಯುರಿ ಎಂದು ಸೋಡಾಪುಡಿ ಕುಡಿದೇ ದಿನ ದೂಡಿದ್ದಳು. ಮೈ ಇಳಿದು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೊನ್ನೆ ವಿಜಯಪುರದ ಡಾಕ್ಟರು, ಬಾಯಿಂದ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡಬೇಕು, ಹುಣ್ಣಿದ್ದರೆ ಚೂರು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಿದ್ದರು. ತುಣುಕು ಅಂದದ್ದೇ ತಡ, ಶ್ರೀಶೈಲಪ್ಪ ಹೆಂಡತಿಯನ್ನು ಎಬ್ಬಿಸಿಕೊಂಡು ಊರಿನ ಬಸ್ಸು ಹತ್ತಿದ್ದ.

ಸುದ್ದಿ ಕಿವಿಗೆ ಬಿದ್ದು ಆಶಾ ಕಾರ್ಯಕರ್ತೆ ಸುವರ್ಣಾ ಹೊಲಕ್ಕೇ ಬಂದಳು. ಬುತ್ತಿ ತಂದಿದ್ದ ಇಂದುಬಾಯಿ ಬೇವಿನ ನೆರಳಲ್ಲಿ ಕುಳಿತಿದ್ದಳು.

"ಯಾಕ್ರಿ ಕಾಕಾ, ಇಂದುಬಾಯಿ ಕಾಕುನ್ನ ಹಂಗ ವಾಪಸ್ ಕರಕೊಂಡ ಬಂದ್ರಂತ?"

"ಮತ್ತೇನ್ ಮಾಡ್ಲಿ? ಕತ್ತರಿ ತಾಗಿದ್ರ ಕ್ಯಾನ್ಸರ್ ಮೈತುಂಬ ಹರಡ್ತೈತಿ. ನಮ್ಮ ಓಣಿ ಚಂದಪ್ಪಗ ಹಿಂಗ ತುಣುಕ ತಗದ್ರು, ಮೂರ ತಿಂಗಳದಾಗ ಹ್ವಾದ."

"ಚಂದಪ್ಪ ಕಾಕಾ ದವಾಖಾನಿಗೆ ಹೋಗೂದ್ರಾಗ ನೀರ ಸೈತ ಇಳೀತಿದ್ದಿಲ್ಲ. ಹಂಗ ಚೂರ ತಗದ್ರ ಹರಡಂಗಿಲ್ರಿ. ತಡಾ ಮಾಡಿದ್ದಕ್ಕ ಹೋದ್ರು."

ಶ್ರೀಶೈಲಪ್ಪ ಮತ್ತೆ ಕಾಂಡದ ಕಡೆ ಬಗ್ಗಿದ.

"ಅದ್ಯಾಕ ಸೀಳಾಕತ್ತೀರಿ?"

"ಗಿಡಾ ಒಣಗಸೂ ನೆಟಿ ರೋಗ ಇದ್ರ ಒಳಗ ಕರಿ ಗೆರಿ ಇರ್ತಾವ. ನೀರ ನಿಂತು ಬೇರ ಕೊಳತಿದ್ರ ಇರಂಗಿಲ್ಲ. ಹೊರಗ ನೋಡಾಕ ಎರಡೂ ಒಂದ ನಮೂನಿ ಬಾಡ್ತಾವ. ಹೋದ ವರ್ಷ ನೋಡ್ಲಾರ್ದ ಬೆಳಿಗೆ ಔಷಧದ ಎಣ್ಣಿ ಹೊಡದು ಕೆಟ್ಟೆ."

"ತೊಗರಿದು ಸೀಳಿ ನೋಡ್ತೀರಿ, ಕಾಕುಂದು ನೋಡೂದ ಬ್ಯಾಡ?"

ಕುಡಗೋಲು ಅಲ್ಲೇ ನಿಂತಿತು.

"ಕ್ಯಾನ್ಸರ್ ಹೌದೋ ಅಲ್ಲೋ, ಮೊದಲ ಅದನ್ನ ಆ ತುಣುಕ ಹೇಳ್ತೈತಿ. ಹೌದಾದ್ರೂ ಎಲ್ಲಾರದೂ ಒಂದ ನಮೂನಿ ಇರಂಗಿಲ್ರಿ. ಕ್ಯಾನ್ಸರ್ ಗಂಟಿನ ಜೀವಕೋಶದಾಗ ಯಾವ ಜೀನ್ ಕೆಟ್ಟೈತಿ ಅಂತ ಈಗ ನೋಡ್ತಾರ. ಕೆಲವರಿಗೆ ಅದಕ್ಕ ತಕ್ಕ ಔಷಧ ಐತಿ. ಬ್ಯಾನಿ ಮುಂದ ಹೆಂಗ ನಡದೀತು ಅನ್ನೂ ಅಂದಾಜೂ ಸಿಗ್ತೈತಿ. ಹೊಟ್ಟ್ಯಾಗ ವರ್ಷಗಟ್ಟಲೆ ಕೂತು ಒಳಪದರ ಕೆಡಿಸಿ, ಕೆಲವರಿಗೆ ಕ್ಯಾನ್ಸರ್ ತರೂ ಒಂದ ಕ್ರಿಮಿನೂ ಐತಿ. ಅದು ಹೆಂಗ ಕೆಡಸ್ತೈತಿ ಅನ್ನೂದನ್ನ ಸಂಶೋಧಕರು ಇಂಥಾ ತುಣುಕ ನೋಡಿನ ತಿಳಕೊಳ್ಳಾಕತ್ತಾರ."

"ಈಕಿ ಉಳೀತಾಳಂತ ಹೇಳ್ತಿಯೇನವಾ?" ಅವನ ದನಿ ಇಳಿದಿತ್ತು.

"ಅದು ನನಗ ಹೇಳಾಕ ಬರಂಗಿಲ್ರಿ ಕಾಕಾ. ನೋಡ್ಲಾರ್ದ ಡಾಕ್ಟರಿಗೂ ಬರಂಗಿಲ್ಲ."

ಬೇವಿನ ನೆರಳಲ್ಲಿದ್ದ ಇಂದುಬಾಯಿ ಎದ್ದು ಬಂದಳು. "ಹೊಟ್ಟಿ ನಂದು. ಇಬ್ಬರೊಳಗ ಒಬ್ಬರರೆ ನನ್ನ ಕೇಳಿದ್ರೇನು?"

ಇಬ್ಬರೂ ಅವಳತ್ತ ತಿರುಗಿದರು.

"ತಗೀಲಿ. ಉಳದ ಚೂರು ಏನ್ ಮಾಡ್ತಾರ, ಚೆಲ್ತಾರೇನು?"

"ಕೆಲವು ಕಡೆ ಸಂಶೋಧನಾಕ್ಕ ಇಟ್ಕೊಳ್ಳಾಕ ಒಪ್ಪಿಗಿ ಕೇಳ್ತಾರ್ರಿ ಕಾಕು. ಒಲ್ಲೆ ಅಂದ್ರೂ ನಿಮ್ಮ ಇಲಾಜ್ ನಿಲ್ಲಂಗಿಲ್ಲ."

"ಕೇಳಿದ್ರ ಕೊಡೂದ. ನಮ್ಮವ್ವನೂ ಹಿಂಗ ಸೋಡಾ ಕುಡಕೋತ ಹೋದಾಕಿ. ಯಾಕ ಹ್ವಾದ್ಲು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ನನ್ನ ಮಗಳು ಭಾಗ್ಯಜ್ಯೋತಿಗರೆ ಗೊತ್ತಾಗ್ಲಿ."

ಶ್ರೀಶೈಲಪ್ಪ ಸೀಳಿದ ಕಡ್ಡಿಯನ್ನು ಬಿಸಿಲಿಗೆ ಹಿಡಿದ. ಕರಿ ಗೆರೆ ಬುಡದಿಂದ ಮೇಲಕ್ಕೆ ಹೋಗಿತ್ತು. ಅದನ್ನು ಪಕ್ಕಕ್ಕಿಟ್ಟು ಹೆಂಡತಿಯ ಮುಂದೆ ಕೈ ಚಾಚಿದ.

"ಆ ಸೋಡಾದ ಪುಡಕಿ ಇಲ್ಲಿ ಕೊಡು, ಇನ್ನ ಅದು ಸಾಕು. ನಾಳೆ ಮುಂಜಾನಿ ಮೊದಲ ಬಸ್ಸಿಗೆ ಹೋಗೂಣು."

ಇದನ್ನು ಓದಿದವರು ಇವತ್ತು ಊಟಕ್ಕೆ ಕೂತಾಗ ಮನೆಯವರ ತಟ್ಟೆ ನೋಡಿ. ಯಾರಾದರೂ ವಾರಗಟ್ಟಲೆ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದರೆ, ಮೈ ಇಳಿಯುತ್ತಿದ್ದರೆ, ಮಲ ಕಪ್ಪಗೆ ಹೋಗುತ್ತಿದ್ದರೆ ಸೋಡಾ ಕೊಟ್ಟು ಸುಮ್ಮನಾಗಬೇಡಿ, ದವಾಖಾನೆಗೆ ಕರೆದೊಯ್ಯಿರಿ. ಮನೆತನದಲ್ಲಿ ಹೊಟ್ಟೆಯ ಕ್ಯಾನ್ಸರ್ ಮೊದಲು ಯಾರಿಗಾದರೂ ಆಗಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ತುಣುಕಿಗೆ ಹೆದರಬೇಡಿ, ನೋಡದೆ ಕಳೆಯುವ ತಿಂಗಳುಗಳಿಗೆ ಹೆದರಿ.