ಪಂಪಿನ ಹೊಟ್ಟೆಯ ಸಣ್ಣ ತೂತು

ಕರ್ಮಗಳೆಲ್ಲ ಮುಗಿದು, ನೆಂಟರು ಊರಿಗೆ ಹೋದ ಮೇಲಿನ ಮೊದಲ ಮುಂಜಾನೆ. ಹಾಲಿನವನು ಎಂದಿನ ಹೊತ್ತಿಗೆ ಬಂದ. ಅಭ್ಯಾಸಬಲದಿಂದ ಮೂರು ಕಪ್ ಚಹಾ ಸೋಸಿದೆ. ಮೂರನೆಯದನ್ನೂ ಅತ್ತೆ ಮಾಯವ್ವನೇ ಕುಡಿದರು.

ಆಗ ಗುರಲಿಂಗಪ್ಪನವರ ಫೋನು ಬಂತು. ಹುನಗುಂದದ ಹತ್ತಿರ ಅವರ ಹೊಲದಲ್ಲಿ ಎರಡು ಸೀಟಿನ ಪುಟ್ಟ ವಿಮಾನವಿದೆ. ಅದರ ರಿಪೇರಿ ಮಾಡುತ್ತಿದ್ದವನು ನನ್ನ ಗಂಡ ಸೋಮಲಿಂಗ. ಶಿರೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸಾಯುವ ಹಿಂದಿನ ದಿನ ಅವನು ಅದರ ಪೆಟ್ರೋಲ್ ಪಂಪು ಬಿಚ್ಚಿ, ಮತ್ತೆ ಕೂರಿಸಿ ಬಂದಿದ್ದ.

“ತಂಗಿ, ಪಂಪು ಸೋರಾಕತ್ತೈತಿ. ಬೇಜಾರ ಮಾಡ್ಕೋಬ್ಯಾಡ, ಸೋಮ್ಯಾ ಬೋಲ್ಟ್ ಸಡ್ಲ ಬಿಟ್ಟಾನ. ಇಂಜಿನಿಯರ್ರು ವಿಮಾನದ ಪುಸ್ತಕದಾಗ ಹಂಗ ಬರೀತೇನಿ ಅಂತಾರ.”

“ಇವತ್ತೊಂದಿನ ಬರೀಬ್ಯಾಡ್ರಿ ಅನ್ರಿ. ನಾ ಬರ್ತೇನಿ.”

ಅತ್ತೆ ಬಾಗಿಲಲ್ಲಿ ನಿಂತರು. “ಇಷ್ಟ ಲಗೂ ಹೊರಗ ಹೊಂಟ್ರ ಮಂದಿ ಏನಂದಾರು?”

“ನಿಮ್ಮ ಮಗನ ಕೆಲಸ ಸರಿ ಇಲ್ಲ ಅಂತ ಅನ್ನಾಕತ್ತಾರ, ಅತ್ತಿ.”

“ಹೌದಾ? ಹಂಗಾರ ಹೋಗು. ಬುತ್ತಿ ಕಟ್ಕೋ.”

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಅವನು ಕೆಲಸ ಮಾಡುವಾಗ ಬ್ಯಾಟರಿ ಬೆಳಕು ಹಿಡಿದು ನಿಂತು ಪ್ರಶ್ನೆ ಕೇಳುತ್ತಿದ್ದವಳು.

ಅವನ ಸಾಮಾನಿನ ಡಬ್ಬಿ ಹಿಡಿದು ಹೊಲಕ್ಕೆ ಹೋದೆ. ಅದರಲ್ಲಿ ಬಿಗಿ ಅಳೆಯುವ ಟಾರ್ಕ್ ಪಾನಾ ಇತ್ತು. ಇಳಕಲ್ಲಿನ ಜಾಫರಸಾಬರಿಂದ ಅವನು ಎರವಲು ತಂದದ್ದು. ಗೊತ್ತುಮಾಡಿದ ಬಿಗಿ ಮುಟ್ಟಿದರೆ ‘ಟಕ್’ ಅನ್ನುತ್ತದೆ. ಪಂಪಿನ ಎರಡೂ ಬೋಲ್ಟಿಗೆ ಹಾಕಿದೆ. ಎರಡೂ ಅಲುಗದೆ ಟಕ್ ಅಂದವು. ಸಡಿಲವಿಲ್ಲ. ಹಾಗಾದರೆ ಪೆಟ್ರೋಲು ಬರುವುದು ಎಲ್ಲಿಂದ?

ಪಂಪನ್ನು ಒಣಗುವಂತೆ ಒರೆಸಿದೆ. ಬ್ಯಾಟರಿಯಿಂದ ನಡೆಯುವ ಇನ್ನೊಂದು ಸಣ್ಣ ಪಂಪು ಚಾಲೂ ಮಾಡಿ ಕಾದೆ. ಪಂಪು ಎಂಜಿನ್ನಿಗೆ ಕೂಡುವ ಬುಡದ ಸಂದಿ ನಿಧಾನ ಒದ್ದೆಯಾಯಿತು. ಒಳಗಿನ ರಬ್ಬರ್ ಪೊರೆ ಹರಿದರೆ ತಿಳಿಯಲೆಂದೇ ಪಂಪಿನ ಹೊಟ್ಟೆಯಲ್ಲಿ ಒಂದು ತೂತಿರುತ್ತದೆ. ಪೆಟ್ರೋಲು ಅಲ್ಲಿಂದ ತೊಟ್ಟಿಕ್ಕಬೇಕು. ಅಲ್ಲಿ ಏನೂ ಇಲ್ಲ. ನೋಡಿದರೆ ತೂತೇ ಕಾಣಲಿಲ್ಲ. ಉಗುರಿನಿಂದ ಕೆರೆದೆ. ಹಳದಿ ಬಂತು.

ಪಿನ್ನು ತೂರಿಸಿದೆ. ಗಟ್ಟಿಯಾದ ಅರಿಷಿಣದ ಹರಳು ಉದುರಿತು. ಹಿಂದೆಯೇ ಪೆಟ್ರೋಲು, ಹನಿ ಹನಿಯಾಗಿ. ಈ ದಾರಿ ಮುಚ್ಚಿದ್ದಕ್ಕೇ ಅದು ಬುಡದ ಸಂದಿ ಹಿಡಿದಿತ್ತು.

“ಯಪ್ಪಾ, ಬೀರಪ್ಪನ ಭಂಡಾರ!” ಗುರಲಿಂಗಪ್ಪ ಬಗ್ಗಿ ನೋಡಿದರು. “ಇದರಾಗ ಯಾರು ತುರುಕಿದ್ರವಾ?”

“ನಾನ ರೀ.”

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಬೀರಪ್ಪ ದೇವರ ಅರಿಷಿಣದ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಈ ಎಂಜಿನ್ನಿಗೆಲ್ಲ ಹೆಬ್ಬೆರಳಿಂದ ಹಚ್ಚಿದ್ದೆ. “ಸಾಕ ಬಿಡ, ಇದೇನು ಮದಿವಿ ಗಂಡೇನು?” ಎಂದು ಅವನು ನಕ್ಕಿದ್ದ. ನಾನು ಇನ್ನೊಂದು ಬೊಟ್ಟು ಇಟ್ಟಿದ್ದೆ. ಪಂಪು ಬಿಚ್ಚಿದಾಗ ಅವನು ಅದನ್ನು ಒರೆಸಿರಲಿಲ್ಲ. ಕಂಡಿರಲಿಕ್ಕಿಲ್ಲ. ಕಂಡೂ ಬಿಟ್ಟಿರಬಹುದು.

ಹೊಸ ಪಂಪು ಬರಲು ಎಂಟು ದಿನ ಹಿಡಿಯಿತು. ಹಳೆಯದನ್ನು ಕೊಯ್ದು ನೋಡಿದೆವು. ಪೊರೆ ಅಂಚಿನಲ್ಲಿ ಹರಿದಿತ್ತು. ಹೊಸ ಗ್ಯಾಸ್ಕೆಟ್ ಇಟ್ಟು, ಎರಡೂ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಟಕ್ ಅನ್ನುವವರೆಗೆ ಬಿಗಿದೆ. ಪೆಟ್ರೋಲು ಸೇರಿರಬಹುದೆಂದು ಎಂಜಿನ್ ಎಣ್ಣೆಯನ್ನೂ ಬದಲಿಸಿದೆವು. ಎಂಜಿನ್ ಅರ್ಧ ತಾಸು ಓಡಿತು. ಎಲ್ಲ ಒಣಗಿಯೇ ಇತ್ತು. ಇಂಜಿನಿಯರು ಪರೀಕ್ಷಿಸಿ ಬರೆದರು: ಪೊರೆ ಹರಿದಿತ್ತು, ತೂತು ಮುಚ್ಚಿತ್ತು, ಬೋಲ್ಟುಗಳ ಬಿಗಿ ಸರಿಯಿತ್ತು. ಸಹಿ ಹಾಕಿದರು.

ಮರುದಿನ ಪಾನಾ ಮರಳಿಸಲು ಇಳಕಲ್ಲಿನ ಬಸ್ಸು ಹತ್ತಿದೆ. ಜಾಫರಸಾಬರು ಗ್ರಾನೈಟ್ ಪಾಲಿಶ್ ಮಷಿನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಬಂದರು.

“ಇದಕ್ಕ ಇಷ್ಟ ದೂರ ಬಂದೇನವಾ? ಫೋನ್ ಮಾಡಿದ್ರ ನಾನ ಬರ್ತಿದ್ದೆ.” ಆಮೇಲೆ ಕೇಳಿದರು. “ಸೋಮ್ಯಾ ಬಿಗಿದಿದ್ದು ಹೆಂಗಿತ್ತು?”

“ಬರೋಬ್ಬರಿ ಇತ್ತರಿ.”

“ಗೊತ್ತೈತಿ. ಆದ್ರೂ ಕೇಳ್ಬೇಕನಿಸ್ತು.”

ಒಳಗಿನ ಸ್ಪ್ರಿಂಗಿಗೆ ಬಿಡುವಿರಲೆಂದು ಪಾನಾದ ಹಿಡಿಯನ್ನು ತೀರ ಕೆಳಗಿನ ಅಂಕಿಯವರೆಗೆ ಇಳಿಸಿ ಅವರ ಕೈಗೆ ಕೊಟ್ಟೆ.