ಬ್ರೇಕ್ ಒತ್ತಿದರೆ ಹಾರ್ನ್

ಬ್ರೇಕ್ ಒತ್ತಿದರೆ ಹಾರ್ನ್ ಹೊಡೆದುಕೊಳ್ಳುವ ಕಾರನ್ನು ಫ್ಯೂಸಕ್ಕ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಊಟಕ್ಕೆ ಎದ್ದಾಗ ಹೀಗಿರಲಿಲ್ಲವಲ್ಲ! ನಿನ್ನೆ ಹೆಡ್‌ಲೈಟ್ ಹಾಕಿದರೆ ವೈಪರ್ ಓಡಾಡುತ್ತಿತ್ತು. ಅದನ್ನು ಸರಿಮಾಡಿ, ಕೈ ಒರೆಸಿಕೊಂಡು, ಸದ್ಯ ಗೆದ್ದೆ ಎಂದುಕೊಂಡಿದ್ದಳು. ಇವತ್ತು ನೋಡಿದರೆ ಈ ರಾಮಾಯಣ.

ಕಾರು ಹಲ್ಲಿನ ಡಾಕ್ಟರದು. ಎರಡೇ ಸೀಟಿನ, ಛಾವಣಿ ಮಡಚಿಡುವ ಹಳೇ ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿ ಡಾಕ್ಟರಿಗಿಂತ ದೊಡ್ಡದು. ಬಂದಾಗ ಇದ್ದದ್ದು ಒಂದೇ ತೊಂದರೆ, ಹಿಂದಿನ ದೀಪಗಳು ಮಿಣಮಿಣ ಎನ್ನುತ್ತಿದ್ದವು. ಅರ್ತ್ ತಂತಿ ಕಾರಿನ ಮೈಗೆ ಕೂರುವ ಜಾಗ ತುಕ್ಕು ಹಿಡಿದಿತ್ತು. ಉಜ್ಜಿ, ಬೋಲ್ಟ್ ಬಿಗಿದಳು, ದೀಪ ಝಗ್ ಎಂದಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದರೆ ತಾನೆ! ಒಂದು ಸರಿಮಾಡಿದರೆ ಇನ್ನೊಂದು ಎದ್ದು ಕೂರುತ್ತಿತ್ತು.

ಗಾಡಿಗಳ ವೈರಿಂಗ್ ರಿಪೇರಿಯ ಈ ಅಂಗಡಿ ಅವಳ ಅಪ್ಪನದು, ವಿದ್ಯೆಯೂ ಅಪ್ಪನದೇ; ಫ್ಯೂಸಕ್ಕ ಎಂಬ ಹೆಸರು ಮಾತ್ರ ಪೇಟೆಯವರು ಇಟ್ಟದ್ದು. ಈಚೆಗೆ ಅಪ್ಪನ ಕೈ ನಡುಗುತ್ತಿತ್ತು; ಲೋಟ ಎತ್ತಿದರೆ ಅರ್ಧ ಚಹಾ ಅಂಗಿಯ ಮೇಲೆ. "ಆ ಕೈ ಇಟ್ಕೊಂಡು ಕರೆಂಟಿನ ಮಧ್ಯೆ ಏನ್ ಮಾಡ್ತಾನೆ? ನಾನು ಕರ್ಕೊಂಡು ಹೋಗ್ತೀನಿ" ಎಂದು ದೂರದ ಊರಿನಲ್ಲಿದ್ದ ತಮ್ಮ ಪಟ್ಟು ಹಿಡಿದಿದ್ದ. ಅವಳೂ ಹೂಂ ಎಂದಿದ್ದಳು. ಅಪ್ಪ ಎಂದೂ ಇಲ್ಲದಂತೆ ಸಾಧುವಾಗಿ ತಲೆಯಾಡಿಸಿ, "ಈ ಕಾರೊಂದು ಮುಗೀಲಿ, ಹೊರಡ್ತೀನಿ" ಎಂದಿದ್ದ.

ಅಷ್ಟರಲ್ಲಿ ಡಾಕ್ಟರ ಫೋನು. "ಏನಮ್ಮಾ, ನನ್ನ ಕಾರು ಹೇಗಿದೆ?"

"ಬ್ರೇಕ್ ಒತ್ತಿದ್ರೆ ಹಾರ್ನ್ ಹೊಡೀತಿದೆ ಸಾರ್."

"ಒಳ್ಳೇದೇ ಆಯ್ತು ಬಿಡಿ, ಒಂದೇ ಕಾಲಲ್ಲಿ ಎರಡು ಕೆಲಸ!" ಅವರು ನಕ್ಕರು. ಇವಳಿಗೆ ಅಳುವೊಂದು ಬಾಕಿ.

ಇಲಿಯೇ? ಇಲಿ ತಂತಿ ಕಡಿದೀತು, ಅದಲುಬದಲು ಮಾಡೀತೇ? ಹಾಗಾದರೆ ತಾನೇ ಏನೋ ಎಡವಟ್ಟು ಮಾಡುತ್ತಿದ್ದೇನಾ? ಯಾವ ತಂತಿ ಎಲ್ಲಿ ಸೇರಿಸಿದ್ದೆ ಎಂದು ನೆನೆಸಿಕೊಂಡಷ್ಟೂ ತಲೆ ಗಿರ್ರೆಂದಿತು.

"ಏನಪ್ಪಾ ಇದು ಗ್ರಹಚಾರ?"

ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಅವಳ ಮುಖ ನೋಡಲಿಲ್ಲ. "ಹಳೇ ಗಾಡಿ ಕಣೇ. ಹಠ ಮಾಡುತ್ತೆ."

ಟೆಸ್ಟ್ ಲ್ಯಾಂಪ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದಳು. ಬ್ರೇಕ್ ಸ್ವಿಚ್ಚಿನಿಂದ ಹೊರಟ ತಂತಿಯನ್ನು ಬೆರಳಲ್ಲೇ ಹಿಂಬಾಲಿಸಿದಳು. ಅದು ಹಿಂದಿನ ದೀಪದ ಕಡೆ ತಿರುಗದೆ ಸೀದಾ ಹಾರ್ನಿನ ತಂತಿಗೆ ಹೋಗಿ ಸೇರಿತ್ತು. ಸೇರಿದ ಜಾಗ ನೋಡಿ ದಂಗಾದಳು. ಎಳೆ ಎಳೆ ಬಿಡಿಸಿ ಹೆಣೆದು, ಮೇಲೆ ಮೇಣದ ದಾರ ಒತ್ತೊತ್ತಾಗಿ ಸುತ್ತಿ, ತುದಿ ಕಾಣದ ಹಾಗೆ ಒಳಗೆ ಸೇರಿಸಿ ಬಿಗಿದಿತ್ತು. ಎಲ್ಲರೂ ಟೇಪ್ ಸುತ್ತಿ ಕೈತೊಳೆದುಕೊಳ್ಳುವ ಕಾಲದಲ್ಲಿ ಹಾಗೆ ಕಟ್ಟುವವನು ಇಡೀ ಪೇಟೆಗೆ ಒಬ್ಬನೇ. ಕೆಡಿಸಲು ಹೊರಟ ಮಹಾರಾಯ ಅಡ್ಡಾದಿಡ್ಡಿ ಕಟ್ಟಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಅದೊಂದು ಮಾತ್ರ ಅವನ ಕೈಲಿ ಆಗಲಿಲ್ಲ.

"ನೀನು ಹೋಗಿ ಉಣ್ಣು, ಅಂಗಡಿ ನಾನು ನೋಡ್ಕೋತೀನಿ" ಎಂದು ದಿನಾ ಅವಳನ್ನು ಮಹಡಿಯ ಮನೆಗೆ ಅಟ್ಟುತ್ತಿದ್ದುದು ಇದಕ್ಕೆ! ಸಿಟ್ಟು ನೆತ್ತಿಗೇರಿತು.

"ಅಪ್ಪಾ! ಗಿರಾಕಿ ಕಾರಿಗೆ ಯಾರಾದ್ರೂ ಹೀಗೆ ಮಾಡ್ತಾರಾ? ನನಗೇ ತಲೆ ಕೆಟ್ಟಿತೇನೋ ಅಂತ ಒದ್ದಾಡ್ತಿದೀನಿ!"

ಅಪ್ಪ ತಲೆ ತಗ್ಗಿಸಿದ. "ಇನ್ನೇನ್ ಮಾಡ್ಲಿ? ನೀನು ಅಷ್ಟು ಬೇಗ ರಿಪೇರಿ ಮಾಡ್ಬಿಡ್ತೀಯ."

"ಹೋಗೋಕೆ ಇಷ್ಟ ಇಲ್ಲ ಅಂತ ಬಾಯ್ಬಿಟ್ಟು ಹೇಳಬಾರದಿತ್ತಾ?"

"ಯಾರಿಗೆ ಹೇಳ್ಲಿ? ನೀನೂ ಹೂಂ ಅಂದೆಯಲ್ಲೇ."

ಅವಳು ಮತ್ತೆ ಬಗ್ಗಿ ಆ ಕಟ್ಟು ನೋಡಿದಳು. ಒಂದು ಸುತ್ತೂ ಅತ್ತಿತ್ತ ಸರಿದಿರಲಿಲ್ಲ. ಚಹಾ ಲೋಟ ನೋಡಿ ತೀರ್ಮಾನ ಮಾಡಿದ್ದರೇ ಹೊರತು, ಕೆಲಸಕ್ಕೆ ಇಳಿದ ಆ ಕೈಯನ್ನು ತಾನೂ ನೋಡಿರಲಿಲ್ಲ, ತಮ್ಮನೂ ನೋಡಿರಲಿಲ್ಲ.

ಎದ್ದು ತಮ್ಮನಿಗೆ ಫೋನ್ ಹಚ್ಚಿದಳು. ಅಪ್ಪ ಅವಳನ್ನೇ ನೋಡುತ್ತಿದ್ದ.

"ಏನಕ್ಕಾ, ಕಾರು ಮುಗೀತಾ? ಅಪ್ಪನ್ನ ಕರ್ಕೊಂಡು ಹೋಗೋಕೆ ಬರ್ಲಾ?"

"ಬಾರೋ, ಬಂದು ಊಟ ಮಾಡ್ಕೊಂಡು ಹೋಗು. ಅಪ್ಪ ಎಲ್ಲಿಗೂ ಬರಲ್ಲ."